ಅಡುಗೆಮನೆಗೆ ತಗಡೇ ಇರಲಿ

ನಮ್ಮ ಮನೆಯ ಮೇಜಿನ ಮೇಲೆ ಒಂದು ವಾರದಿಂದ ಅಂಗೈಯಗಲದ ತಗಡಿನ ಚೂರುಗಳು ಬಿದ್ದಿವೆ. ಒಂದು ನೀಲಿ, ಒಂದು ಹೆಂಚಿನ ಬಣ್ಣ, ಒಂದು ಬೂದಿ ಬಣ್ಣ. ಇನ್ನೊಂದು ಬ್ರೆಡ್ಡಿನ ಹಾಗೆ ದಪ್ಪಗಿದೆ. ಮೇಲೊಂದು ತಗಡು, ಕೆಳಗೊಂದು ತಗಡು, ನಡುವೆ ಹಳದಿ ಬೆಂಡು. ಎಂಜಿನಿಯರು ತೋರಿಸಲೆಂದು ತಂದು ಬಿಟ್ಟುಹೋದವು. ಯಾರೂ ಇಲ್ಲದಾಗ ನಾನು ಒಂದೊಂದನ್ನೇ ಉಗುರಿನಿಂದ ತಟ್ಟಿ ನೋಡುತ್ತೇನೆ. ನೀಲಿಯದು ಟಣ್ ಅನ್ನುತ್ತದೆ. ಬ್ರೆಡ್ಡಿನಂಥದ್ದು ಏನೂ ಅನ್ನುವುದಿಲ್ಲ.

ಇದನ್ನು ನನ್ನ ಮೊಮ್ಮಕ್ಕಳು ಕಾವ್ಯ, ಮಂಜ ಇಬ್ಬರಿಗೂ ಬರೆಯುತ್ತಿದ್ದೇನೆ. ಬೇರೆಯವರು ಓದಿದರೂ ಬೇಡ ಅನ್ನುವುದಿಲ್ಲ, ಆದರೆ ನನ್ನ ಎದುರಿಗೆ ಓದಬೇಡಿ. ನಾನು ಎದ್ದು ಒಳಗೆ ಹೋಗಬೇಕಾಗುತ್ತದೆ.

ಎದ್ದು ಒಳಗೆ ಹೋಗುವುದು ನನ್ನ ಹಳೆಯ ಚಾಳಿ. ಮೊನ್ನೆಯೂ ಅದೇ ಮಾಡಿದೆ. ಆದಿವಾಲದ ರಸ್ತೆ ಬದಿಯ ನಮ್ಮ ಮುದ್ದೆ ಹೋಟೆಲನ್ನು ಕೆಡವಿ, ಅಲ್ಲಿ ಮುಂದೆ ಅಂಗಡಿ ಸಾಲು, ಹಿಂದೆ ದೊಡ್ಡ ಊಟದ ಹಾಲು ಕಟ್ಟುವುದೆಂದು ನೀವೆಲ್ಲ ತೀರ್ಮಾನಿಸಿದಿರಿ. ಬಾಗಿಲು ಎಲ್ಲಿ, ನಲ್ಲಿ ಎಲ್ಲಿ ಎಂದೆಲ್ಲ ನಕ್ಷೆಯಲ್ಲಿ ಒಪ್ಪಿಗೆಯಾಯಿತು. ಸೂರಿನ ಮಾತು ಬಂದಾಗ ನಿಂತುಹೋಯಿತು.

"ಸಿಮೆಂಟಿನ ಮೋಲ್ಡೇ ಹಾಕ್ಸಾಣ," ಎಂದ ನಿಮ್ಮಪ್ಪ. "ನಾಳೆ ಮೇಲೊಂದು ಅಂತಸ್ತು ಎಬ್ಬಿಸ್ಬೇಕು ಅಂದ್ರೆ ಶೀಟಿನ ಮೇಲೆ ಎಬ್ಬಿಸಾಕಾಗುತ್ತಾ?"

"ಮೋಲ್ಡ್ ಅಂದ್ರೆ ಹಾಲಿನ ನಡುವೆ ಕಂಬ ಬರ್ತಾವಪ್ಪ. ಜನ ಕಂಬ ತಬ್ಕೊಂಡು ಉಣ್ತಾರಾ?" ಎಂದೆ ನೀನು, ಕಾವ್ಯ.

ಎಂಜಿನಿಯರು ಒಳ್ಳೆಯ ಹುಡುಗ, ಯಾರ ಮನಸ್ಸನ್ನೂ ನೋಯಿಸುವುದಿಲ್ಲ. "ಬೀಮ್ ದಪ್ಪ ಮಾಡಿದ್ರೆ ಕಂಬ ಕಮ್ಮಿ ಮಾಡ್ಬೋದು ಮೇಡಂ. ಆದ್ರೆ ನಮ್ಮ ಕಡೆ ಬಿಸ್ಲಿಗೆ ಮೋಲ್ಡ್ ಕಾದ್ರೆ ಸಾಯಂಕಾಲಕ್ಕೂ ಆರಲ್ಲ. ಬರೀ ತಗಡಿನ ಶೀಟ್ ಅಂದ್ರೆ ಕಾವು, ಸದ್ದು ಎರಡೂ ಜಾಸ್ತಿ. ಈ ಪಫ್ ಶೀಟ್ ಐತಲ್ಲ, ಇದು ತಂಪು."

"ಸದ್ದೂ ಇಲ್ಲ," ಎಂದೆ ನೀನು, ಆ ಬ್ರೆಡ್ಡಿನಂಥ ಚೂರನ್ನು ಎತ್ತಿ ಹಿಡಿದು. "ಹೊರಗೆ ಎಂಥಾ ಮಳೆ ಹೊಡೀತಿದ್ರೂ ಒಳಗೆ ಕುಂತೋರಿಗೆ ಗೊತ್ತೇ ಆಗಲ್ಲ. ಮಂಜ, ನೀನೇನಂತೀಯ?"

"ಹ್ಞೂ."

"ಯಾವುದಕ್ಕೋ ಹ್ಞೂ?"

"ಎರಡೂ ಚೆನ್ನಾಗೈತೆ."

ಆಗ ನೀನು ನನ್ನ ಕಡೆ ತಿರುಗಿದೆ. "ಆ ಹೋಟ್ಲಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ನಿಂತಿರೋಳು ಅಜ್ಜಿ. ಅಜ್ಜಿ ಹೇಳಿದ್ದೇ ಆಖೈರು. ಹೇಳಜ್ಜಿ."

ಎಲ್ಲರೂ ನನ್ನ ಮುಖ ನೋಡಿದರು. "ನನಗೇನು ಗೊತ್ತಾಗುತ್ತಮ್ಮ," ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತಿದ್ದಾಗ ನಿಮ್ಮಪ್ಪನ ಮಾತು ಕಿವಿಗೆ ಬಿತ್ತು: "ಯಾವುದಾದ್ರೂ ಆಗ್ಲಿ, ಹಿಂದಿನ ಅಡ್ಗೆಮನೆ ತಗಡೆಲ್ಲ ಸೋಮವಾರ ಗುಜರಿಯವನು ಒಯ್ತಾನೆ. ತುಕ್ಕು ಹಿಡಿದು ಕುಂತವೆ."

ಲೋಟ ಕೈಯಿಂದ ಜಾರಿತು. ಸ್ಟೀಲಿನದು, ಒಡೆಯಲಿಲ್ಲ.

ಆ ತಗಡು ಗುಜರಿಗೆ ಹೋಗಬಾರದು. ಹೋಗಬಾರದು ಅಂದರೆ ಯಾಕೆ ಅಂತ ಕೇಳುತ್ತೀರಿ. ಯಾಕೆ ಅಂತ ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ನಿಮ್ಮ ಅಜ್ಜ ಇದ್ದಾಗಲೂ, ಹೋದ ಮೇಲೂ ಯಾರ ಹತ್ತಿರವೂ ಆಡದ ಮಾತು ಅದು. ನನ್ನ ತವರು ತುರುವನೂರಿನ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ನಾನು ಎದ್ದು ನಿಂತು ನೆಲ ನೋಡುತ್ತಿದ್ದೆ. ಉತ್ತರವನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಇದೂ ಹಾಗೆಯೇ ಅಂದುಕೊಳ್ಳಿ.

ಸೂರು ಎಂದರೆ ಮೊದಲು ನೆನಪಾಗುವುದು ತುರುವನೂರಿನ ನಮ್ಮ ಮಾಳಿಗೆ. ಮರದ ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಸೊಪ್ಪು ಸದೆ, ಎಲ್ಲದರ ಮೇಲೆ ಮೊಳ ದಪ್ಪ ಮಣ್ಣು. ಮಳೆಗಾಲಕ್ಕೆ ಮುಂಚೆ ಹಳ್ಳದ ಕಡೆಯಿಂದ ಕರಲು ಮಣ್ಣು ತಂದು ಮೇಲೆ ಹರಡುತ್ತಿದ್ದರು. ಉಪ್ಪುಪ್ಪಾದ ಬೆಳ್ಳನೆ ಮಣ್ಣು; ಅದು ಬಿದ್ದ ಕಡೆ ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ಏಣಿಯ ಮೆಟ್ಟಿಲಿಗೊಬ್ಬರು ನಿಂತು ಪುಟ್ಟಿ ಕೈಯಿಂದ ಕೈಗೆ ದಾಟಿಸುವುದು. ಕೆಳಗಿನವರ ತಲೆಯೆಲ್ಲ ಬಿಳಿ. ಆವತ್ತು ಓಣಿಯ ಹುಡುಗಿಯರೆಲ್ಲ ಮುದುಕಿಯರಾಗುತ್ತಿದ್ದೆವು. ಈಗ ಕನ್ನಡಿ ನೋಡಿಕೊಂಡಾಗ ಒಮ್ಮೊಮ್ಮೆ ಕರಲು ಬಿದ್ದಿರಬೇಕು, ಕೊಡವಿದರೆ ಹೋಗುತ್ತದೆ ಅನಿಸುತ್ತದೆ.

ಆ ಮಾಳಿಗೆಗೆ ಒಲೆಯ ಮೇಲೆ ಸರಿಯಾಗಿ ಒಂದು ಗವಾಕ್ಷಿ ಇರುತ್ತಿತ್ತು. ಬೆಳಕು ಅದರಿಂದಲೇ ಒಳಗೆ, ಹೊಗೆ ಅದರಿಂದಲೇ ಹೊರಗೆ. ಮಳೆ ಹನಿಯತೊಡಗಿದರೆ ಮನೆಯ ಹುಡುಗಿಯೊಬ್ಬಳು ಮೇಲೆ ಓಡಿ ಅದರ ಮೇಲೆ ಹಳೆಯ ಗಡಿಗೆ ಬೋರಲು ಹಾಕಬೇಕು. ನಮ್ಮನೆಯಲ್ಲಿ ಅದು ನನ್ನ ಕೆಲಸ. ನಮ್ಮ ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ತಾಗಿದ್ದವು, ಮೇಲೆ ಹೋದರೆ ಎಲ್ಲ ಒಂದೇ ಬಯಲು. ಒಂದು ಸಂಜೆ ಗಾಳಿ, ಧೂಳು, ಕಣ್ಣು ಬಿಡಲಾಗದಂಥ ಮಳೆ. ಓಡಿಹೋಗಿ ಗಡಿಗೆ ಬೋರಲು ಹಾಕಿ, ಅದರ ಮೇಲೆ ಒಂದು ಕಲ್ಲನ್ನೂ ಇಟ್ಟು ಇಳಿದು ಬಂದೆ. ಬಂದರೆ ನಮ್ಮವ್ವ ಒಲೆಯ ಮುಂದೆ ಮೊರ ಹಿಡಿದುಕೊಂಡು ನಿಂತಿದ್ದಾಳೆ. ಸಾರಿನ ಗಡಿಗೆಗೆ ಧಾರೆಯಾಗಿ ಮಳೆ ಬೀಳುತ್ತಿದೆ. ಅತ್ತ ಪಕ್ಕದ ಮನೆಯಿಂದ ಗಂಗಕ್ಕ ಕೆಮ್ಮುತ್ತ ಹೊಗೆಯ ಜೊತೆಯಲ್ಲೇ ಹೊರಗೆ ಬಂದಳು.

"ಯಾವಳೇ ಅದು ನಮ್ಮ ಗವಾಕ್ಷಿ ಮುಚ್ಚಿದ್ದು? ಒಲೆ ಉರೀತೈತೆ, ನಾನೇನು ಬಾಳೆಗೊನೆನಾ ಹೊಗೆ ಹಾಕಾಕೆ?"

ನಾನು ಕಣಜದ ಹಿಂದೆ ಬಚ್ಚಿಟ್ಟುಕೊಂಡೆ. ನಮ್ಮವ್ವ ಹೊರಗೆ ಹೋಗಿ, "ಗಂಗಕ್ಕ, ಬಾರೆ, ನಮ್ಮನೆ ಸಾರು ಇವತ್ತು ಬಾಳ ಐತೆ, ನಿಮಗೂ ಆಗ್ತೈತೆ," ಎಂದಳು. ಆಮೇಲೆ ನಾನು ಸೂರಿನ ಮೇಲೆ ಹತ್ತುವ ಮುಂಚೆ ಯಾವುದು ಯಾರದು ಅಂತ ಎರಡು ಸಲ ನೋಡುವ ಅಭ್ಯಾಸ ಮಾಡಿಕೊಂಡೆ. ಆದರೆ ಮದುವೆಯಾಗಿ ಆದಿವಾಲಕ್ಕೆ ಬಂದ ಮೇಲೆ ಹತ್ತುವಂಥ ಸೂರೇ ಇರಲಿಲ್ಲ.

ನಿಮ್ಮ ಅಜ್ಜನ ಹೋಟೆಲಿಗೆ ಆಗ ತೆಂಗಿನ ಗರಿ ಹೊದಿಸಿತ್ತು. ನಾಲ್ಕು ಕಂಬ, ಎರಡು ಬೆಂಚು, ಒಂದು ಒಲೆ. ಗರಿ ಬಹಳ ತಂಪು; ಬೇಸಿಗೆಯಲ್ಲಿ ಲಾರಿಯವರು ಉಂಡು ಅಲ್ಲೇ ಮಲಗಿಬಿಡುತ್ತಿದ್ದರು. ಆದರೆ ಒಲೆಯ ಕಿಡಿ ಹಾರಿದರೆ ನಮ್ಮತ್ತೆಯ ಜೀವ ಹಾರುತ್ತಿತ್ತು. ಅವರು ಒಗ್ಗರಣೆ ಹಾಕುವಾಗ ಬಾಣಲೆಯನ್ನು ನೋಡುತ್ತಿರಲಿಲ್ಲ, ಮೇಲೆ ನೋಡುತ್ತಿದ್ದರು. ಹಾಗಾಗಿ ನಮ್ಮ ಸಾರಿನಲ್ಲಿ ಸಾಸಿವೆ ಯಾವಾಗಲೂ ಸೀದಿರುತ್ತಿತ್ತು. ಗಿರಾಕಿಗಳು ಅದನ್ನೇ ರುಚಿ ಅಂದುಕೊಂಡಿದ್ದರು. ಮುಂದೆ ನಾನು ಸಾಸಿವೆ ಸೀಯದ ಹಾಗೆ ಸಾರು ಮಾಡಿದ ದಿನ, "ಇದ್ಯಾಕ್ರಿ, ಕೈ ಬದಲಾಗೈತೆ," ಎಂದು ಎಲೆಯ ಮುಂದೆ ಕೂತವರು ಮುಖ ಕಿವುಚಿದರು.

ಗರಿಯ ನಂತರ ನಾಡಹೆಂಚು. ಹೊಳಲ್ಕೆರೆ ಕಡೆಯ ಇಬ್ಬರು ಬಂದು ಅಂದವಾಗಿ ಹೊದಿಸಿ ಹೋದರು. ಅವರು ಬಸ್ಸು ಹತ್ತುವ ಮೊದಲೇ ಕೋತಿಗಳು ಬಂದವು. ಕೋತಿಗೆ ಹೆಂಚು ಕಂಡರೆ ಏನಾಗುತ್ತದೋ, ಒಂದೊಂದನ್ನೇ ಎತ್ತಿ ಕೆಳಗೆ ಇಣುಕುತ್ತಿದ್ದವು, ಮದುವೆ ಮನೆಯಲ್ಲಿ ಅಡುಗೆ ಏನು ಅಂತ ನೋಡುವವರ ಹಾಗೆ. ಮಳೆ ಬಂದಾಗ ಎಲ್ಲಿ ಸೋರುತ್ತದೆಂದು ಅವಕ್ಕೆ ಮಾತ್ರ ಗೊತ್ತಿರುತ್ತಿತ್ತು.

ಆಮೇಲೆ ಬಂತು ತಗಡು. ಚಿತ್ರದುರ್ಗದಿಂದ ಲಾರಿಯ ಮೇಲೆ, ಬಿಸಿಲಿಗೆ ಫಳಫಳ ಹೊಳೆಯುತ್ತ ಬಂತು. ನಿಮ್ಮ ಅಜ್ಜ ಊರ ಅಂಚಿನಿಂದ ಲಾರಿಯ ಹಿಂದೆಯೇ ಸೈಕಲ್ಲಿನಲ್ಲಿ ಬಂದರು, ಮೆರವಣಿಗೆಯ ಹಾಗೆ. ಅದನ್ನು ಹೊದಿಸಿದ ಮೇಲೆ ಹಿರಿಯೂರಿನ ಕಡೆಯಿಂದ ಬರುವವರಿಗೆ ದೂರದಿಂದಲೇ ಹೋಟೆಲು ಮಿಂಚುತ್ತಿತ್ತು. ಬೋರ್ಡು ಬರೆಸುವ ಅಗತ್ಯವೇ ಬೀಳಲಿಲ್ಲ.

ತಗಡಿನ ಕಷ್ಟ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಗಾಳಿ ಹೇಗಿದೆ ಎಂದು ಗುಡ್ಡದ ಮೇಲಿನ ಗಾಳಿಯಂತ್ರ ನೋಡಿದವರಿಗೆ ಹೇಳಬೇಕಿಲ್ಲ. ಒಂದು ಶೀಟು ಹಾರಿ ಪಕ್ಕದ ಹೊಲದ ಜೋಳದಲ್ಲಿ ಬಿತ್ತು. ಅಜ್ಜ ಅದನ್ನು ತಂದು ಹಾಕಿ ಮೇಲೆ ಕಲ್ಲು ಹೇರಿದರು, ಸವೆದ ಬೀಸುಕಲ್ಲನ್ನೂ ಇಟ್ಟರು. ಬೇಸಿಗೆಯಲ್ಲಿ ಕೆಳಗೆ ಕೂತವರ ನೆತ್ತಿ ಕಾಯುತ್ತಿತ್ತು. ಅದಕ್ಕೆ ನಾನು ಹಿತ್ತಲಲ್ಲಿ ಸಿಹಿಗುಂಬಳದ ಬಳ್ಳಿ ನೆಟ್ಟು ಸೂರಿನ ಮೇಲೆ ಹಬ್ಬಿಸಿದೆ. ಬಳ್ಳಿ ತಂಪು ಕೊಟ್ಟಿತು. ಒಂದು ದಿನ ಕಾಯಿ ಬಲಿತು, ತೊಟ್ಟು ಕಳಚಿ, ಇಳಿಜಾರಿನಲ್ಲಿ ದಡದಡನೆ ಉರುಳಿ ಬಂದು, ಊಟ ಮಾಡಿ ಕೈ ತೊಳೆಯುತ್ತಿದ್ದ ಗಿರಾಕಿಯೊಬ್ಬನ ಪಕ್ಕದಲ್ಲೇ ಧೊಪ್ಪೆಂದಿತು. ಆ ಮನುಷ್ಯ ಮತ್ತೆ ನಮ್ಮ ಹೋಟೆಲಿಗೆ ಬಂದಾಗಲೆಲ್ಲ ಮೊದಲು ಸೂರು ನೋಡಿ, "ಕಾಯಿ ಏನಾದ್ರೂ ಅವೇನ್ರಿ?" ಎಂದು ಕೇಳಿಯೇ ಒಳಗೆ ಬರುತ್ತಿದ್ದ.

ಆದರೆ ತಗಡು ಎಂದರೆ ಮಳೆ. ಗರಿಯ ಮೇಲೆ ಮಳೆ ಪಿಸುಗುಟ್ಟುತ್ತದೆ, ಹೆಂಚಿನ ಮೇಲೆ ತಾಳ ಹಾಕುತ್ತದೆ. ತಗಡಿನ ಮೇಲೆ ಬೀಳುವುದು ಮಳೆಯಲ್ಲ, ಸಾವಿರ ಕುರಿ ಒಟ್ಟಿಗೆ ಓಡಿದ ಹಾಗೆ. ಮೊದಲ ಮಳೆ ಬಂದಾಗ ಹೋಟೆಲಿನಲ್ಲಿ ಕೂತವರೆಲ್ಲ ಮಾತು ನಿಲ್ಲಿಸಿ ಮೇಲೆ ನೋಡಿದರು. ಬಾಯಿ ಆಡಿದರೆ ತುಟಿ ಕಾಣುತ್ತದೆ, ಮಾತು ಕೇಳುವುದಿಲ್ಲ. ನಿಮ್ಮ ಅಜ್ಜ ಗಲ್ಲಾದ ಹತ್ತಿರ ನಿಂತು ಕೂಗಿದರೂ ಒಳಗೆ ಒಲೆಯ ಮುಂದೆ ನನಗೆ ಏನೂ ತಿಳಿಯದು.

ಅವರು ಅದಕ್ಕೊಂದು ಉಪಾಯ ಮಾಡಿದರು, ಕೈಸನ್ನೆ. ಮುಷ್ಟಿ ಹಿಡಿದು ಒಂದು ಸಲ ಕುಲುಕಿದರೆ ಒಂದು ಮುದ್ದೆ, ಎರಡು ಸಲ ಕುಲುಕಿದರೆ ಎರಡು. ಅಂಗೈ ಚಾಚಿದರೆ ರೊಟ್ಟಿ. ಬೆರಳು ಸುತ್ತಿಸಿದರೆ ಸಾರು. ಲೋಟ ಹಿಡಿದ ಹಾಗೆ ಬೆರಳು ಬಾಗಿಸಿದರೆ ಚಾ. ನಾಲ್ಕು ಮಳೆ ಬರುವುದರೊಳಗೆ ಗಿರಾಕಿಗಳೂ ಅದನ್ನು ಕಲಿತರು. ಹೊಸದುರ್ಗದ ಕಡೆಯ ಕೊಬ್ಬರಿ ವ್ಯಾಪಾರದವರು, ಕುರಿ ಹೊಡೆದುಕೊಂಡು ಹೋಗುವವರು, ಎಲ್ಲರೂ ಮಳೆ ಶುರುವಾದರೆ ನೇರವಾಗಿ ಕಿಂಡಿಯ ಕಡೆ ಕೈ ಮಾಡುತ್ತಿದ್ದರು.

ಆ ಕಿಂಡಿಯ ವಿಷಯ ನಿಮಗೆ ಹೇಳಬೇಕು. ಅಡುಗೆಮನೆಗೂ ಹೊರಗಿನ ಹಾಲಿಗೂ ನಡುವೆ ಗೋಡೆಯಲ್ಲಿ ತಟ್ಟೆ ದಾಟಿಸುವ ಕಿಂಡಿ. ಸೊಸೆಯ ಮುಖ ಹೊರಗಿನವರಿಗೆ ಕಾಣಬಾರದೆಂದು ನಮ್ಮತ್ತೆ ಅದನ್ನು ತಗ್ಗಿನಲ್ಲಿ ಇಡಿಸಿದ್ದರು. ಅದರಿಂದ ನನಗೂ ಯಾರ ಮುಖವೂ ಕಾಣುತ್ತಿರಲಿಲ್ಲ. ಎದೆಯಿಂದ ಕೆಳಗೆ, ಕೈಗಳು ಮಾತ್ರ. ಎಷ್ಟೋ ವರ್ಷ ಬಂದು ಉಂಡವರನ್ನು ನಾನು ಕೈ ನೋಡಿ ಗುರುತು ಹಿಡಿಯುತ್ತಿದ್ದೆ. ಸಂತೆಯಲ್ಲಿ ಎದುರಿಗೆ ಬಂದು, "ಏನಮ್ಮ, ಚೆನ್ನಾಗಿದೀಯಾ?" ಎಂದರೆ ಯಾರೆಂದೇ ತಿಳಿಯದು. ಆ ಮನುಷ್ಯ ಚೀಲ ಎತ್ತಲು ಕೈ ಮುಂದೆ ಮಾಡಿದಾಗ, ಓ, ಇವರು ಎರಡು ಮುದ್ದೆ, ಜಾಸ್ತಿ ಸಾರು, ಎಂದು ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಜೋರು ಮಳೆ. ಕಿಂಡಿಯಲ್ಲಿ ಒಂದು ಮುಷ್ಟಿ ಕಂಡಿತು. ಒಂದು ಸಲ ಕುಲುಕಿತು, ಎರಡು, ಮೂರು. ನಿಲ್ಲಲೇ ಇಲ್ಲ. ಯಾರೋ ಬಹಳ ಹಸಿದು ಬಂದಿದ್ದಾರೆ, ಜೊತೆಗೆ ಜನ ಇರಬೇಕು ಅಂದುಕೊಂಡು ಮುದ್ದೆ ಕೋಲು ಹಿಡಿದೆ. ಬಿಸಿ ಹಿಟ್ಟು ಕೈ ಸುಡುತ್ತಿದ್ದರೂ ಕಟ್ಟಿ ಕಟ್ಟಿ ಒಂದು ಹರಿವಾಣದ ತುಂಬ ಮುದ್ದೆ ಮಾಡಿ ಕಿಂಡಿಯಲ್ಲಿ ಇಟ್ಟೆ. ಅಜ್ಜನ ಕೈ ಬಂದು ಹರಿವಾಣ ಹಿಡಿಯಿತು, ಒಂದು ಕ್ಷಣ ಹಾಗೇ ನಿಂತಿತು, ಆಮೇಲೆ ಎತ್ತಿಕೊಂಡು ಹೋಯಿತು.

ಮಳೆ ನಿಂತ ಮೇಲೆ ತಿಳಿಯಿತು. ಅದು ರುದ್ರಣ್ಣ ಎಂಬ ರೈತರ ಮುಷ್ಟಿ. ಅವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸುವುದಾಗಿ ಮಾತು ಕೊಟ್ಟಿದ್ದ ಬೀರಪ್ಪ, ಮಂದೆಯನ್ನು ಮೊದಲು ಇನ್ನೊಬ್ಬರ ಹೊಲಕ್ಕೆ ಹೊಡೆದಿದ್ದನಂತೆ. ಬೈಗುಳ ಮಳೆಯಲ್ಲಿ ಕೇಳದೆ ಹೋದದ್ದರಿಂದ ರುದ್ರಣ್ಣ ಮುಷ್ಟಿ ತೋರಿಸುತ್ತಿದ್ದರು. ಅಜ್ಜ ಹೋಗಿ ಇಬ್ಬರ ನಡುವೆ ಹರಿವಾಣ ಇಟ್ಟರಂತೆ. ಇಬ್ಬರೂ ಮುದ್ದೆಯ ರಾಶಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಬಿಸಿ ಮುದ್ದೆಯ ಮುಂದೆ ನಿಂತುಕೊಂಡೇ ಎಷ್ಟು ಹೊತ್ತು ಸಿಟ್ಟು ಮಾಡಲಾಗುತ್ತದೆ? ಮಳೆ ನಿಂತು ಸದ್ದು ಅಡಗಿದಾಗ ನನಗೆ ಕೇಳಿಸಿದ ಮೊದಲ ಮಾತು ರುದ್ರಣ್ಣನದು:

"ಲೇ ಬೀರ, ನಿನ್ನ ಕಡೆಗೇ ಎಳಕೊಂತೀಯಲ್ಲ ಸಾರನ್ನ. ಇತ್ತಾಗೂ ತಳ್ಳು."

"ಮೊದ್ಲು ನಿಮ್ಮ ಮುಷ್ಟಿ ಬಿಚ್ಚ್ರಿ ಗೌಡ್ರೆ. ಅದ್ರಲ್ಲಿ ಉಣ್ಣಾಕಾಗುತ್ತಾ?"

ಆ ವರ್ಷ ಮಂದೆ ಯಾರ ಹೊಲದಲ್ಲಿ ಮೊದಲು ನಿಂತಿತೋ ನನಗೆ ಗೊತ್ತಿಲ್ಲ. ಅಜ್ಜ ಮಾತ್ರ ಬಹಳ ದಿನ ನನ್ನನ್ನು ನೋಡಿದಾಗಲೆಲ್ಲ ಮುಷ್ಟಿ ಕುಲುಕಿ ನಗುತ್ತಿದ್ದರು.

ಇಲ್ಲಿಯವರೆಗೆ ಬರೆದದ್ದನ್ನು ಬಾಯಲ್ಲೂ ಹೇಳಬಹುದಿತ್ತು. ಇನ್ನು ಮುಂದಿನದಕ್ಕೇ ಈ ಪೆನ್ನು.

ನಾನು ಮಾತು ಕಡಿಮೆ. ಅದು ಗುಣವಲ್ಲ, ಅಂಜಿಕೆ. ಹೊರಗೆ ಜನ ಕೂತಿರುತ್ತಾರೆ, ಕಿಂಡಿ ತೆರೆದಿರುತ್ತದೆ, ನನ್ನ ದನಿ ಅವರಿಗೆ ಕೇಳಿಬಿಟ್ಟರೆ? ಗಂಡನ ಹತ್ತಿರ ಉಪ್ಪು ಮುಗಿದಿದೆ ಅನ್ನಬೇಕಾದರೂ ಖಾಲಿ ಡಬ್ಬಿಯನ್ನು ಕಿಂಡಿಯಲ್ಲಿ ಇಟ್ಟುಬಿಡುತ್ತಿದ್ದೆ. ಮನೆಗೆ ಹೋದರೆ ಅತ್ತೆ, ಮಾವ, ಮಕ್ಕಳು, ಅಲ್ಲೂ ಅಷ್ಟೆ. ಒಂದು ದಿನ ತಗಡಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು. ಗಿರಾಕಿಗಳು ಹೆಚ್ಚಿರಲಿಲ್ಲ. ಅಜ್ಜ ಒಳಗೆ ಬಂದು ನನಗೆ ಬೆನ್ನು ಹಾಕಿ ತಟ್ಟೆ ಒರೆಸಿ ಜೋಡಿಸುತ್ತ ನಿಂತರು. ನನಗೆ ಅದೇನು ಧೈರ್ಯ ಬಂತೋ. ಅವರ ಬೆನ್ನಿಗೆ ಹೇಳಿದೆ: "ನಿನ್ನೆ ಎಲ್ಲಾರ ಮುಂದೆ ಸಾರಿಗೆ ಉಪ್ಪು ಕಮ್ಮಿ ಅಂದ್ರಲ್ಲ. ಒಳಗೆ ಬಂದು ಹೇಳಾಕೆ ಏನಾಗಿತ್ತು ನಿಮಗೆ?"

ಗಟ್ಟಿಯಾಗಿಯೇ ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ತಿರುಗಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಎಡದಿಂದ ಬಲಕ್ಕೆ ಹಾಕಿಕೊಂಡರು, ತಟ್ಟೆ ಜೋಡಿಸಿದರು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಅವರಿಗೆ ಕೇಳಿಸಿಲ್ಲ, ನಾನು ಹೇಳಿದ್ದೂ ಆಯಿತು. ಇದಕ್ಕಿಂತ ಅನುಕೂಲ ಉಂಟೇ?

ಆಮೇಲೆ ಮಳೆ ಬಂದಾಗಲೆಲ್ಲ ಅವರು ಒಳಗೆ ಬರುತ್ತಿದ್ದರು, ಬೆನ್ನು ತಿರುಗಿಸಿ ಏನಾದರೂ ಕೆಲಸ ಹಿಡಿಯುತ್ತಿದ್ದರು. ನಾನು ಮುದ್ದೆ ತಿರುವುತ್ತ ನನ್ನದನ್ನೆಲ್ಲ ಹೇಳುತ್ತಿದ್ದೆ. ನಾದಿನಿಯ ಮೇಲಿನ ದೂರು, ಹಿಂದಿನ ದಿನ ಕಂಡ ಕನಸು, ಮಗನಿಗೆ ಜ್ವರ ಬಂದಾಗಿನ ಹೆದರಿಕೆ. ಒಮ್ಮೊಮ್ಮೆ ಬೀಸುವಾಗ ನಮ್ಮವ್ವ ಹೇಳುತ್ತಿದ್ದ ಹಾಡನ್ನೂ ಹೇಳುತ್ತಿದ್ದೆ. ನಿಮಗೆ ಗೊತ್ತಲ್ಲ, ನಮ್ಮ ಹಿರಿಯೂರು ಸೀಮೆಗೆ ಮಳೆ ಎಂದರೆ ದೂರದ ನೆಂಟ, ಬಂದರೆ ಬಂದ. ಅಷ್ಟು ದಿನಗಳೇ ನಾನು ಮಾತಾಡುತ್ತಿದ್ದುದು. ಮೋಡ ಕಟ್ಟಿದರೆ ರೈತರು ಆಕಾಶ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಹೇಳುವುದು ಏನೇನಿದೆ ಅಂತ ನೆನಪು ಮಾಡಿಕೊಳ್ಳುತ್ತ.

ಒಂದು ಮಳೆಯಲ್ಲಿ, "ದಿನಾ ನಿಂತು ನಿಂತು ಕಾಲು ಸೇದ್ತಾವೆ," ಎಂದಿದ್ದೆ. ಎರಡು ದಿನ ಕಳೆದು ಬೆಳಗ್ಗೆ ಹೋದರೆ ಒಲೆಯ ಪಕ್ಕದಲ್ಲಿ ಹೊಸ ಮಣೆಯೊಂದಿತ್ತು. ಎತ್ತರದ್ದು, ಕೂತರೆ ಪಾತ್ರೆಗೆ ಕೈ ಎಟುಕುವಂಥದ್ದು. ಬಡಗಿಯ ಅಂಗಡಿಯಲ್ಲಿ ಉಳಿದಿತ್ತಂತೆ. ಇನ್ನೊಂದು ಮಳೆಯಲ್ಲಿ, "ನಮ್ಮವ್ವನ್ನ ನೋಡಿ ಎಷ್ಟು ದಿನ ಆತು," ಎಂದಿದ್ದೆ. ವಾರ ಕಳೆಯಲಿಲ್ಲ, ಅಜ್ಜ ಬೀಗದ ಕೈ ನಮ್ಮ ಮಾವನಿಗೆ ಕೊಟ್ಟು, "ಚೀಲ ತಗಾ, ತುರುವನೂರಿಗೆ ಹೋಗಾಣ. ಅಲ್ಲಿ ಯಾರನ್ನೋ ನೋಡೋದೈತೆ ನಂಗೆ," ಎಂದರು. ಅಲ್ಲಿ ಯಾರನ್ನೂ ಅವರು ನೋಡಲಿಲ್ಲ. ನಮ್ಮಪ್ಪನ ಜೊತೆ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದು, ಸಂಜೆ ಬಸ್ಸಿಗೆ ವಾಪಸಾದರು. ನನ್ನನ್ನು ನಾಲ್ಕು ದಿನ ಬಿಟ್ಟು ಹೋದರು.

ಕಾಕತಾಳೀಯ ಅಂದುಕೊಂಡೆ. ಅಂದುಕೊಳ್ಳುವುದೇ ನನಗೂ ಬೇಕಾಗಿತ್ತು. ಕೇಳಿಸುತ್ತದೆ ಎಂದು ಗೊತ್ತಾದರೆ ನಾನು ಮತ್ತೆ ಬಾಯಿ ತೆರೆಯುತ್ತಿದ್ದೆನೇ?

ವರ್ಷಗಳಾದವು. ಎಲ್ಲ ಕಡೆ ಸಿಮೆಂಟ್ ಶೀಟು ಬಂತು. ತಗಡಿನಷ್ಟು ಸದ್ದಿಲ್ಲ, ಅಷ್ಟು ಕಾಯುವುದಿಲ್ಲ ಅಂತ ಎಲ್ಲರೂ ಹಾಕಿಸಿದರು. ನಿಮ್ಮಪ್ಪ ಆಗ ಹೊಸದಾಗಿ ಗಲ್ಲಾದ ಮೇಲೆ ಕೂರುತ್ತಿದ್ದ. ಪಟ್ಟು ಹಿಡಿದ. ಅಜ್ಜ ಒಪ್ಪಿದರು, ಹಾಲಿನ ತಗಡೆಲ್ಲ ತೆಗೆಸಿದರು. ಶೀಟಿನವರು ಏಣಿಯನ್ನು ಅಡುಗೆಮನೆಯ ಕಡೆ ತಿರುಗಿಸಿದಾಗ ಮಾತ್ರ ಅಡ್ಡ ಬಂದರು.

"ಅದನ್ನ ಬಿಡ್ರಪ್ಪ."

"ಯಾಕಪ್ಪಾ?" ಎಂದ ನಿಮ್ಮಪ್ಪ. "ಒಲೆ ಕಾವು, ಮೇಲೆ ತಗಡಿನ ಕಾವು. ಅವ್ವ ಬೇಯ್ತಾಳೆ ಒಳಗೆ. ಇಡೀ ಹೋಟ್ಲಿಗೆ ಹಾಕ್ಸಿ ಅಷ್ಟಕ್ಕೆ ಬಿಟ್ರೆ ಜನ ಜಿಪುಣ ಅನ್ನಲ್ವಾ?"

"ಅಂದ್ಕಳ್ಲಿ ಬಿಡು."

"ಕಾರಣನಾದ್ರೂ ಹೇಳು."

"ಅಡ್ಗೆಮನೆಗೆ ತಗಡೇ ಇರ್ಲಿ," ಎಂದರು ಅಜ್ಜ. ಅಷ್ಟೇ ಹೇಳಿದ್ದು. ಹೇಳಿ, ಟವೆಲ್ಲನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು.

ಕಿಂಡಿಯ ಈಚೆ ನಾನು ನೆಲದ ಮೇಲೆ ಕೂತು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ, ಕೂತಿದ್ದರಿಂದ ಅವರ ಹೆಗಲವರೆಗೂ ಕಂಡಿತು. ಹಿಟ್ಟು ತಟ್ಟೆಯ ಹೊರಗೆ ಬೀಳುತ್ತಿದ್ದುದು ಗೊತ್ತಾಗಲಿಲ್ಲ. ಇಷ್ಟು ವರ್ಷವೂ ಒಂದೊಂದು ಮಾತೂ ಕೇಳಿಸಿತ್ತು. ಆ ಉಪ್ಪಿನ ಮಾತು, ನಾದಿನಿಯ ಮಾತು, ಅಯ್ಯೋ, ಹಾಡು ಕೂಡ. ನಾಚಿಕೆಯಿಂದ ಆವತ್ತೆಲ್ಲ ಕಿಂಡಿಯ ಹತ್ತಿರ ಹೋಗಲಿಲ್ಲ.

ಆದರೂ ಮುಂದಿನ ಮಳೆಗೆ ಅವರು ಒಳಗೆ ಬಂದರು. ಬೆನ್ನು ತಿರುಗಿಸಿ ನಿಂತರು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ನಾನು ಮಾತಾಡಿದೆ. ಮೊದಲಿಗಿಂತ ಸ್ವಲ್ಪ ಮೆತ್ತಗೆ ಮಾತಾಡಿದೆ, ಅಷ್ಟೆ. ಅವರ ಕೊನೆಯ ಮಳೆಗಾಲದಲ್ಲಿ ಒಂದು ಮಾತು ಹೇಳಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಟವೆಲ್ಲು ಆ ಹೆಗಲಿನಿಂದ ಈ ಹೆಗಲಿಗೆ ಬಂತು ಎಂದು ಮಾತ್ರ ಬರೆಯುತ್ತೇನೆ.

ಇನ್ನು ನೀವು ಕೇಳಿದ್ದಕ್ಕೆ ಉತ್ತರ. ನನ್ನ ತಿಳಿವಳಿಕೆ ಹೆಚ್ಚಿನದಲ್ಲ, ತಪ್ಪಿದ್ದರೆ ಎಂಜಿನಿಯರನ್ನು ಕೇಳಿ ತಿದ್ದಿಕೊಳ್ಳಿ. ಸೂರನ್ನು ಮೇಲಿನಿಂದ ನೋಡಿ ಆರಿಸಬೇಡಿ, ಕೆಳಗೆ ಏನು ನಡೆಯುತ್ತದೆ ಎಂದು ನೋಡಿ. ಮುಂದಿನ ಅಂಗಡಿ ಸಾಲಿಗೆ ನಿಮ್ಮಪ್ಪ ಹೇಳಿದ ಮೋಲ್ಡೇ ಇರಲಿ. ಬಾಡಿಗೆಗೆ ಬರುವವರು ಸರಕು ಇಟ್ಟು ಬೀಗ ಹಾಕಿಕೊಂಡು ಹೋಗುತ್ತಾರೆ. ಶೀಟು ಬಿಚ್ಚಿ ಯಾರಾದರೂ ಇಳಿದಾರು ಅನ್ನುವ ಭಯ ಇರಬಾರದು. ಮೇಲೆ ಅಂತಸ್ತು ಎಬ್ಬಿಸುವುದಿದ್ದರೂ ಅಲ್ಲೇ ಎಬ್ಬಿಸಬಹುದು. ಊಟದ ಹಾಲಿಗೆ ಕಾವ್ಯ ಹೇಳಿದ ಬೆಂಡಿನ ಶೀಟು ಹಾಕಿಸಿ. ಉಣ್ಣುವವನ ನೆತ್ತಿ ತಂಪಾಗಿರಬೇಕು, ಕಂಬ ಅಡ್ಡ ಬರಬಾರದು, ಪಕ್ಕದವನ ಮಾತು ಕೇಳಬೇಕು. ಆದರೆ ಗಾಳಿಗೆ ಬಿಗಿಯಾಗಿ ಕಟ್ಟಿಸಿ. ಎತ್ತರ ಸಾಕಷ್ಟು ಬಿಡಿಸಿ. ಒಲೆಯ ಮೇಲೆ ಹೊಗೆ ಹೋಗುವ ದಾರಿ ಮರೆಯಬೇಡಿ. ಗಂಗಕ್ಕನ ಹಾಗೆ ಯಾರೂ ಕೆಮ್ಮುತ್ತ ಹೊರಗೆ ಬರಬಾರದು.

ನನ್ನದು ಒಂದೇ ಕೇಳಿಕೆ. ಹಿತ್ತಲಲ್ಲಿ ಪಾತ್ರೆ ತೊಳೆಯುವ ಜಾಗಕ್ಕೆ ಹಳೆಯ ಅಡುಗೆಮನೆಯ ತಗಡು ಒಂದೆರಡು ಹಾಕಿಸಿ. ತುಕ್ಕು ಅಂಚಿಗೆ ಮಾತ್ರ ಹಿಡಿದಿದೆ. ಗಿರಾಕಿಗಳಿಗೆ ಕಾಣುವುದಿಲ್ಲ. ಕಾವ್ಯಾ, ನಿನಗೆ ಇದರ ಅಗತ್ಯ ಬೀಳದು, ನೀನು ಸಿಡಿಲಿನಲ್ಲೂ ಕೇಳುವ ಹಾಗೆ ಮಾತಾಡುತ್ತೀಯ. ಆದರೆ ಈ ಮನೆಯಲ್ಲಿ ಮಂಜನೂ ಇದ್ದಾನೆ.

ಇಷ್ಟು ಬರೆದು ಮಡಚಿ ನಿಮ್ಮ ಕೈಗೆ ಕೊಡಬೇಕೆಂದು ಭಾನುವಾರ ಹೋಟೆಲಿನ ಕಡೆ ಬಂದೆ. ಕಾವ್ಯ ಹಿರಿಯೂರಿಗೆ ಹೋಗಿದ್ದಳು. ಮಂಜ ಒಬ್ಬನೇ ಹಳೆಯ ಅಡುಗೆಮನೆಯಲ್ಲಿ ಪಾತ್ರೆ ಇಳಿಸಿ ಚೀಲಕ್ಕೆ ತುಂಬುತ್ತಿದ್ದ. ಕಾಗದವನ್ನು ಸೆರಗಿನಲ್ಲಿ ಹಿಡಿದುಕೊಂಡು ನಿಂತೆ, ಕೊಡಲು ಕೈ ಬರಲಿಲ್ಲ. ಆಗ ಹೊರಗೆ ಗಾಳಿ ಎದ್ದಿತು, ನಾಲ್ಕು ಹನಿ ಟಣಟಣ ಅಂದವು, ನೋಡುವುದರೊಳಗೆ ಸಾವಿರ ಕುರಿ ಓಡಿಬಂದವು.

ಮಂಜ ನನಗೆ ಬೆನ್ನು ಹಾಕಿ ತಟ್ಟೆ ಜೋಡಿಸುತ್ತಿದ್ದ.

"ಮಂಜಾ," ಎಂದೆ. "ಈ ತಗಡನ್ನ ಗುಜರಿಗೆ ಹಾಕ್ಬ್ಯಾಡ್ರೋ. ನಿಮ್ಮಜ್ಜ ಇದನ್ನ ನನಗೋಸ್ಕರ ಉಳಿಸಿದ್ರು." ಇನ್ನೂ ಏನೇನೋ ಹೇಳಿದೆ. ಮಳೆ ಇರುವವರೆಗೂ ಹೇಳಿದೆ. ಅವನು ತಿರುಗಲಿಲ್ಲ. ಮಳೆ ನಿಂತಾಗ, "ಅಜ್ಜಿ, ಮಣ್ಣು ಜಾರ್ತೈತೆ, ನಿಧಾನಕ್ಕೆ ಹೋಗು," ಎಂದ, ಅಷ್ಟೆ. ಅವನಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು, ನಾಳೆಯಾದರೂ ಕಾಗದ ಕೊಡಬೇಕು ಎಂದು ಮನೆಗೆ ಬಂದೆ.

ಸೋಮವಾರ ಗುಜರಿಯ ಗಾಡಿ ಬಂತು. ನಾನು ತಡವಾಗಿ ಹೋದೆ, ಬೇಕೆಂದೇ. ಅಡುಗೆಮನೆಯ ಮೇಲೆ ಬಯಲಾಗಿತ್ತು, ಒಲೆಯ ಮೇಲೆ ಬಿಸಿಲು ಬಿದ್ದಿತ್ತು. ಕಿಂಡಿಯಲ್ಲಿ ಒಂದು ಗುಬ್ಬಿ ಕೂತಿತ್ತು. ನೋಡಲಾಗದೆ ಹಿತ್ತಲಿಗೆ ಹೋದೆ. ಅಲ್ಲಿ ಗೋಡೆಯ ಬದಿ ಎರಡು ತಗಡು ಒಂದರ ಮೇಲೊಂದು ಮಲಗಿದ್ದವು. ಗಾಳಿಗೆ ಹಾರದ ಹಾಗೆ ಮೇಲೆ ಕಲ್ಲು ಹೇರಿತ್ತು. ನಡುವೆ ನಿಮ್ಮಜ್ಜ ಇಟ್ಟಿದ್ದ ಅದೇ ಸವೆದ ಬೀಸುಕಲ್ಲು.

ಮಂಜ ಗಾಡಿಯವನ ಹತ್ತಿರ ನಿಂತಿದ್ದ. ನನ್ನ ಕಡೆ ನೋಡಲಿಲ್ಲ. ನಾನು ಬಂದ ದಾರಿಯಲ್ಲೇ ಮನೆಗೆ ಹೊರಟೆ.

ಈ ಕಾಗದ ಇನ್ನೂ ನನ್ನ ಹತ್ತಿರವೇ ಇದೆ. ಇಷ್ಟು ಬರೆದದ್ದು ದಂಡವಾಯಿತು ಅನ್ನಿ. ಅಂಗಡಿ ಸಾಲು, ಊಟದ ಹಾಲಿನ ಉತ್ತರಕ್ಕಾದರೂ ಬೇಕಾದೀತೆಂದು ಇಂದು ಆ ನೀಲಿ ಚೂರಿನ ಕೆಳಗೆ ಇಟ್ಟು ಬರುತ್ತೇನೆ. ಇನ್ನು ಮಳೆ ಬರಬೇಕು, ಅಷ್ಟೆ.